ಲೂ ಬೇರೆ, ಲುಸ್ ಬೇರೆ: ಮಂಗೋಲಿಯಾದ ಡ್ರ್ಯಾಗನ್ ಬಗ್ಗೆ ನನ್ನ ಟಿಪ್ಪಣಿ

ಡ್ರ್ಯಾಗನ್ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ನಾನು ಮೂರು ದಿನ ಸಿಕ್ಕಿಹಾಕಿಕೊಂಡಿದ್ದು ಎರಡು ಸಣ್ಣ ಪದಗಳಲ್ಲಿ. ಮಂಗೋಲಿಯನ್ ಭಾಷೆಯಲ್ಲಿ ‘ಲೂ’ ಅಂದರೆ ಡ್ರ್ಯಾಗನ್. ‘ಲುಸ್’ ಅಂದರೆ ನೀರಿನಲ್ಲಿ ನೆಲೆಸಿರುವ ದೇವತೆಗಳು. ಆ ಭಾಷೆಯಲ್ಲಿ ಕೊನೆಗೆ ‘ಸ್’ ಹಚ್ಚಿ ಬಹುವಚನ ಮಾಡುವುದೂ ಉಂಟು. ಸರಿ, ಲುಸ್ ಅಂದರೆ ಡ್ರ್ಯಾಗನ್‌ಗಳು ಅಂತ ಧೈರ್ಯವಾಗಿ ಬರೆದುಕೊಂಡೆ. ಅಲ್ಲಿಂದ ಮುಂದೆ ಓದಿದ್ದೆಲ್ಲ ಕಲಸುಮೇಲೋಗರ. ಒಂದು ಪುಟದಲ್ಲಿ ಅದು ಮೋಡದಲ್ಲಿ ಗುಡುಗುತ್ತದೆ. ಇನ್ನೊಂದು ಪುಟದಲ್ಲಿ ನೀರಿನ ಬುಗ್ಗೆಯಲ್ಲಿ ಕೂತು, ಗಲೀಜು ಮಾಡಿದವರಿಗೆ ಕಾಯಿಲೆ ತರುತ್ತದೆ. ಒಂದೇ ಪ್ರಾಣಿ ಎರಡೂ ಕಡೆ ಹೇಗೆ?

ಎಡವಿದ ಜಾಗ

ಒಂದೇ ಪ್ರಾಣಿ ಅಲ್ಲವೇ ಅಲ್ಲ. ಎರಡು ಪದಗಳು ಎರಡು ದಾರಿಯಲ್ಲಿ ಮಂಗೋಲಿಯಾಕ್ಕೆ ಬಂದವು.

ಲೂ ಬಂದದ್ದು ಚೀನಾ ಕಡೆಯಿಂದ. ಚೀನೀ ಭಾಷೆಯ ‘ಲೋಂಗ್’ ಅದರ ಮೂಲ. ನಾಲ್ಕು ಕಾಲು, ಕೊಂಬು, ಮೋಡದಲ್ಲಿ ಓಡಾಟ.

ಲುಸ್ ಬಂದದ್ದು ಟಿಬೆಟ್ ಕಡೆಯಿಂದ, ಬೌದ್ಧ ಧರ್ಮದ ಜೊತೆ. ಟಿಬೆಟನ್ನರು ‘ಕ್ಲು’ ಅಂತ ಬರೆದು ‘ಲು’ ಅಂತ ಓದುತ್ತಾರೆ. ಸಂಸ್ಕೃತದ ‘ನಾಗ’ ಪದಕ್ಕೆ ಅವರು ಇಟ್ಟ ಪದ ಇದೇ. ಅಂದರೆ ಲುಸ್ ನಮ್ಮ ನಾಗನೇ!

ಹಾಗಿದ್ದರೆ ಗೊಂದಲ ಯಾಕೆ? ಇದಕ್ಕೆ ಚೀನಾದ ಅನುವಾದಕರು ಕಾರಣ. ಬೌದ್ಧ ಗ್ರಂಥಗಳನ್ನು ಅನುವಾದ ಮಾಡುವಾಗ ‘ನಾಗ’ಕ್ಕೂ ‘ಲೋಂಗ್’ ಅಂತಲೇ ಹಾಕಿದರು. ನಾಗರಾಜ ಅಲ್ಲಿ ‘ಲೋಂಗ್‌ವಾಂಗ್’, ಅಂದರೆ ಡ್ರ್ಯಾಗನ್ ರಾಜ ಆಗಿಬಿಟ್ಟ. ಟಿಬೆಟನ್ನರು ಹಾಗೆ ಬೆರೆಸಲಿಲ್ಲ. ನಾಗಕ್ಕೆ ಲು, ಡ್ರ್ಯಾಗನ್‌ಗೆ ‘ಡ್ರುಕ್’. ಮಂಗೋಲರಿಗೆ ಎರಡೂ ಕಡೆಯ ನಂಟು ಇತ್ತು, ಎರಡೂ ಪದ ಉಳಿದವು.

ಇದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಒಂದು ಹೆಸರಿನಿಂದ: ನಾಗಾರ್ಜುನ. ಈ ಬೌದ್ಧ ಚಿಂತಕನನ್ನು ಚೀನಾದಲ್ಲಿ ‘ಲೋಂಗ್‌ಶು’ ಅಂತಾರೆ, ಡ್ರ್ಯಾಗನ್ ಮರ! ಟಿಬೆಟ್‌ನಲ್ಲಿ ‘ಲುಡ್ರುಪ್’. ಅಲ್ಲಿನ ‘ಡ್ರುಪ್’ ನೋಡಿ, ಓ ಡ್ರುಕ್ ಬಂತು ಅಂತ ನಾನು ಮತ್ತೆ ಜಾರಿದ್ದೆ. ಡ್ರುಪ್ ಬೇರೆ ಪದ. ನಮಗೆ ಬೇಕಾದದ್ದು ಮೊದಲಿನ ‘ಲು’ ಮಾತ್ರ.

ನೆನಪಿಡಲು ನನ್ನ ಉಪಾಯ: ದೀರ್ಘ ಇದ್ದರೆ ಚೀನಾ, ಹ್ರಸ್ವ ಇದ್ದರೆ ಟಿಬೆಟ್. ಕನ್ನಡದಲ್ಲಿ ಬರೆದುಕೊಂಡರೆ ದೀರ್ಘ ಕಣ್ಣಿಗೇ ಕಾಣುತ್ತದೆ, ಅಲ್ವಾ? ಲೂ ಮೇಲೆ, ಲುಸ್ ಕೆಳಗೆ.

ಲುಸ್‌ನ ಕೋಪ ನಮಗೆ ಹೊಸದಲ್ಲ. ಬುಗ್ಗೆ, ಹೊಳೆ ಕೊಳೆ ಮಾಡಬಾರದು ಅಂತ ಮಂಗೋಲಿಯಾದಲ್ಲಿ ಇವತ್ತಿಗೂ ಹಿರಿಯರು ಹೇಳುತ್ತಾರೆ. ನೆಲದ ಒಡೆಯರಾದ ‘ಸವ್ದಗ್’ ಜೊತೆ ಸೇರಿಸಿ ‘ಲುಸ್ ಸವ್ದಗ್’ ಅಂತ ಜೋಡಿಯಾಗಿಯೇ ಕರೆಯುತ್ತಾರೆ. ನಾಗ ಮುನಿದರೆ ಚರ್ಮದ ರೋಗ ಬರುತ್ತದೆ ಅನ್ನುವುದು ಟಿಬೆಟ್‌ನ ಹಳೆಯ ನಂಬಿಕೆ. ನಮ್ಮಲ್ಲಿ ಸರ್ಪಸುತ್ತು ಅನ್ನುತ್ತೇವಲ್ಲ, ಅದೇ ಧಾಟಿ. ಕರಾವಳಿಯ ನಾಗಬನದಲ್ಲಿ ಮರ ಕಡಿಯಬಾರದು ಅನ್ನುವುದನ್ನೂ ಪಕ್ಕದಲ್ಲೇ ಬರೆದುಕೊಂಡಿದ್ದೇನೆ.

ಮೇಲಿನ ಲೂ

ಗುಡುಗಿದರೆ ಮಂಗೋಲರು ‘ಲೂ ದನಿ ಮಾಡಿತು’ ಅನ್ನುತ್ತಾರೆ. ಟಿಬೆಟನ್‌ನ ಡ್ರುಕ್‌ಗೂ ಡ್ರ್ಯಾಗನ್, ಗುಡುಗು ಎರಡೂ ಅರ್ಥ. ಭೂತಾನದವರು ತಮ್ಮ ದೇಶವನ್ನು ಡ್ರುಕ್ ಯುಲ್ ಅನ್ನುವುದು ಇದರಿಂದಲೇ. ಬೈಲಕುಪ್ಪೆಯ ಚಿನ್ನದ ದೇವಸ್ಥಾನದಲ್ಲಿ ಕಂಬ ಸುತ್ತಿಕೊಂಡಿರುವುದು ಡ್ರುಕ್, ಲು ಅಲ್ಲ. ಕಾಲು ಇದೆಯಾ ನೋಡಿ, ಸಾಕು.

ಇರಾನಿನ ಇತಿಹಾಸಕಾರ ರಶೀದ್ ಅಲ್-ದೀನ್ 14ನೇ ಶತಮಾನದ ಆರಂಭದಲ್ಲಿ ಮಂಗೋಲರ ಮಾತೊಂದನ್ನು ಬರೆದಿಟ್ಟಿದ್ದಾನೆ. ಸಿಡಿಲು ಡ್ರ್ಯಾಗನ್‌ನಂಥ ಪ್ರಾಣಿಯಿಂದ ಬರುತ್ತದೆ, ಅದು ನೆಲಕ್ಕೆ ಬಿದ್ದು ಬಾಲ ಬಡಿಯುತ್ತದೆ, ಬಾಯಿಂದ ಬೆಂಕಿ ಬರುತ್ತದೆ ಅಂತ. ಅವನಿಗಿಂತ ಮೊದಲೇ, 1250ರ ದಶಕದಲ್ಲಿ ಮಂಗೋಲರ ನಾಡಿಗೆ ಹೋಗಿದ್ದ ರುಬ್ರುಕ್‌ನ ವಿಲಿಯಂ ಎಂಬ ಪಾದ್ರಿ ಇನ್ನೊಂದು ಸಂಗತಿ ಹೇಳುತ್ತಾನೆ: ಬಟ್ಟೆ ಒಗೆದು ಒಣಹಾಕಿದರೆ ಗುಡುಗು ಬರುತ್ತದೆ ಅಂತ ಅವರು ಒಗೆಯುವುದೇ ಇಲ್ಲ. ಅವನು ಡ್ರ್ಯಾಗನ್ ಹೆಸರು ಎತ್ತುವುದಿಲ್ಲ, ಅದನ್ನು ನೀವು ಸೇರಿಸಬೇಡಿ.

ಇತಿಹಾಸ, ಬೇಗ ಬೇಗ

1971ರಲ್ಲಿ ಈಗ ಚೀನಾಕ್ಕೆ ಸೇರಿದ ಒಳ ಮಂಗೋಲಿಯಾದ ಚಿಫೆಂಗ್ ಪ್ರದೇಶದಲ್ಲಿ ಕೊಕ್ಕೆಯಂತೆ ಬಾಗಿದ ಜೇಡ್ ಕಲ್ಲಿನ ಡ್ರ್ಯಾಗನ್ ಸಿಕ್ಕಿತು. ಎತ್ತರ ಸುಮಾರು 26 ಸೆಂ.ಮೀ. ಹೋಂಗ್‌ಶಾನ್ ಎಂಬ ಶಿಲಾಯುಗದ ಸಂಸ್ಕೃತಿಯದ್ದು, ಐದು ಸಾವಿರ ವರ್ಷಕ್ಕೂ ಹಿಂದಿನದು. ಸಿಕ್ಕ ಜಾಗದ ಹೆಸರು ನೋಡಿ ‘ಮಂಗೋಲರ ಡ್ರ್ಯಾಗನ್’ ಅಂತ ಬರೆದರೆ ತಪ್ಪು. ಆಗ ಮಂಗೋಲರು ಎಲ್ಲಿದ್ದರು?

ಶಿಯೋಂಗ್ನು ಅಂದರೆ ಮಂಗೋಲರಿಗೂ ಬಹಳ ಮೊದಲು ಆ ಹುಲ್ಲುಗಾವಲನ್ನು ಆಳಿದ ಅಲೆಮಾರಿಗಳು. ಅವರು ವರ್ಷದ ಐದನೇ ತಿಂಗಳಲ್ಲಿ ಸೇರಿ ಪೂಜೆ ಮಾಡುತ್ತಿದ್ದ ಜಾಗವನ್ನು ಚೀನಾದ ಇತಿಹಾಸಗಳು ಲೋಂಗ್‌ಚೆಂಗ್ ಅನ್ನುತ್ತವೆ, ಡ್ರ್ಯಾಗನ್ ನಗರ. ಕ್ರಿ.ಪೂ. 129ರಲ್ಲಿ ಚೀನಾದ ಹಾನ್ ಅರಸರ ಸೇನಾಪತಿ ವೇಯ್ ಚಿಂಗ್ ಅದರ ಮೇಲೆ ದಾಳಿ ಮಾಡಿದ. 2020ರಲ್ಲಿ ಮಂಗೋಲಿಯಾದ ಅರ್ಖಾಂಗೈ ಪ್ರಾಂತದಲ್ಲಿ ‘ಸ್ವರ್ಗಪುತ್ರ ಚಾನ್ಯು’ ಎಂದು ಬರೆದ ಹೆಂಚುಗಳು ಸಿಕ್ಕವು. ಚಾನ್ಯು ಅಂದರೆ ಶಿಯೋಂಗ್ನು ದೊರೆಯ ಬಿರುದು. ಅಗೆದವರು ಇದೇ ಆ ನಗರ ಅನ್ನುತ್ತಾರೆ.

ಚೀನಾವನ್ನು ಆಳಿದ ಮಂಗೋಲ್ ಮನೆತನವಾದ ಯುವಾನ್ ಅರಸರ ಕಾಲದಲ್ಲಿ ಡ್ರ್ಯಾಗನ್ ಅಧಿಕಾರದ ಗುರುತು. 1314ರ ಉಡುಪಿನ ನಿಯಮದ ಪ್ರಕಾರ ಐದು ಉಗುರು, ಎರಡು ಕೊಂಬು ಇರುವುದು ಡ್ರ್ಯಾಗನ್. ಅದನ್ನು ಬೇರೆಯವರು ತೊಡುವಂತಿಲ್ಲ. ಉಗುರು ಒಂದು ಕಡಿಮೆಯಾದರೆ ಬಚಾವ್! ಇತ್ತ ಇರಾನಿನಲ್ಲಿ ಮಂಗೋಲ್ ದೊರೆ ಅಬಾಖಾ 1270ರ ದಶಕದಲ್ಲಿ ತಖ್ತ್-ಎ-ಸುಲೇಮಾನ್‌ನಲ್ಲಿ ಕಟ್ಟಿಸಿದ ಅರಮನೆಯ ಗೋಡೆಗೂ ಚೀನೀ ಡ್ರ್ಯಾಗನ್ ಇರುವ ಬಿಲ್ಲೆಗಳನ್ನು ಅಂಟಿಸಿದರು.

ಬೇರೆ ಕಡೆಯವು

ಇಲ್ಲಿ ನಾನು ಸುಮ್ನೆ ಎರಡು ಕಾಲಂ ಹಾಕಿಕೊಂಡೆ: ನೀರು ಕೊಡುವವು, ನೀರು ತಡೆಯುವವು. ಲೋಂಗ್, ಲೂ, ನಾಗ ಮೊದಲನೆಯದಕ್ಕೆ. ಋಗ್ವೇದದ ವೃತ್ರ ಎರಡನೆಯದಕ್ಕೆ. ಅವನನ್ನು ‘ಅಹಿ’ ಅಂದರೆ ಹಾವು ಅಂತಲೇ ಕರೆಯುತ್ತಾರೆ, ಇಂದ್ರ ಕೊಂದಾಗ ನೀರು ಹರಿಯುತ್ತದೆ. ಇರಾನಿನ ಮೂರು ತಲೆಯ ‘ಅಝಿ ದಹಾಕ’ದ ಅಝಿಯೂ ಅಹಿಯೂ ಒಂದೇ ಮೂಲದ ಪದ. ನೀರಿನ ವಿಷಯದಲ್ಲಿ ಅಲ್ಲದಿದ್ದರೂ ಕೇಡಿನ ವಿಷಯದಲ್ಲಿ ಅದು ವೃತ್ರನ ನೆಂಟ, ಹಾಗಾಗಿ ಅಲ್ಲೇ ಸೇರಿಸಿದೆ. ಭಾರತ ಮಾತ್ರ ಎರಡೂ ಕಾಲಂನಲ್ಲಿ ಬರುತ್ತದೆ.

ಬ್ಯಾಬಿಲೋನಿನ ಮುಶ್‌ಹುಶ್ಶು ಎಲ್ಲಿಗೂ ಸೇರಲಿಲ್ಲ. ಹಾವಿನ ತಲೆ, ಸಿಂಹದ ಮುಂಗಾಲು, ಹದ್ದಿನ ಹಿಂಗಾಲು. ಅದು ಮರ್ದುಕ್ ದೇವರ ಪ್ರಾಣಿ. ಆ ನಗರದ ಇಷ್ತಾರ್ ಹೆಬ್ಬಾಗಿಲಿನ ಗೋಡೆಯಲ್ಲಿ ಸಾಲಾಗಿ ನಡೆಯುತ್ತಿರುತ್ತದೆ, ಅಷ್ಟೇ. ಅದನ್ನು ಮಾರ್ಜಿನ್‌ನಲ್ಲಿ ಬರೆದಿಟ್ಟಿದ್ದೇನೆ.