ಹೊಸ ಪಿಸಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಕೈಕೊಟ್ಟಾಗ

ಬಿಡಿಭಾಗ ತಂದು ಜೋಡಿಸಿದ ಪಿಸಿಯಲ್ಲಿ ವಿಂಡೋಸ್ ಸಲೀಸಾಗಿ ಬರುತ್ತದೆ, ಯೂಟ್ಯೂಬ್ ಓಡುತ್ತದೆ. ಗೇಮ್ ಹಾಕಿ ಹತ್ತು ನಿಮಿಷಕ್ಕೆ ಪರದೆ ಕಪ್ಪು. ಬೈಗುಳವೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಬೀಳುತ್ತದೆ. ಇಡೀ ಪಿಸಿಯಲ್ಲಿ ಹೆಚ್ಚು ದುಡ್ಡು ನುಂಗಿದ್ದು ಅದೇ, ದೋಷಸಂದೇಶದಲ್ಲಿರುವ ಹೆಸರೂ ಅದರದೇ. ಆದರೆ ಆ ಸಂದೇಶದಿಂದ ಬಿದ್ದವರು ಯಾರೆಂದು ತಿಳಿಯುತ್ತದೆ, ತಳ್ಳಿದವರು ಯಾರೆಂದು ತಿಳಿಯುವುದಿಲ್ಲ.

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಪಿಸಿ ಬಿದ್ದ ರೀತಿಯನ್ನು ಗಮನಿಸಿ. ಪರದೆ ಎರಡು-ಮೂರು ಸೆಕೆಂಡು ಕಪ್ಪಾಗಿ ಮತ್ತೆ ಬಂದು, ಗೇಮ್ ಮಾತ್ರ ಮುಚ್ಚಿಕೊಂಡರೆ ಅದು ಟಿಡಿಆರ್ ಎಂಬ ಕಾವಲಿನ ಕೆಲಸ. ವಿಸ್ಟಾ ಕಾಲದಿಂದ ವಿಂಡೋಸ್‌ನಲ್ಲಿರುವ ಏರ್ಪಾಡು ಇದು: ಕೊಟ್ಟ ಕೆಲಸಕ್ಕೆ ಕಾರ್ಡು 2 ಸೆಕೆಂಡಿನೊಳಗೆ ಓಗೊಡದಿದ್ದರೆ ಅದನ್ನು ರೀಸೆಟ್ ಮಾಡುತ್ತದೆ. ವಿಂಡೋಸ್‌ನ ಆಗುಹೋಗುಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ ಸಾಮಾನ್ಯವಾಗಿ 4101 ಸಂಖ್ಯೆಯ ನಮೂದು ಸಿಗುತ್ತದೆ. ವಿಂಡೋಸ್ ಸೆಟ್ಟಿಂಗುಗಳ ಕಣಜವಾದ ರಿಜಿಸ್ಟ್ರಿಗೆ ಹೋಗಿ ಆ 2ನ್ನು 10 ಮಾಡಿ ಎಂಬ ಸಲಹೆ ಕಂಡಕಂಡಲ್ಲಿ ಸಿಗುತ್ತದೆ. ಭಾರೀ ರೆಂಡರಿಂಗ್ ಮಾಡುವವರಿಗೆ ಅದರಿಂದ ಉಪಯೋಗವಿದೆ. ಗೇಮ್ ಆಡುವವರಿಗೆ, ಎರಡು ಸೆಕೆಂಡಿಗೆ ಬೀಳುತ್ತಿದ್ದದ್ದು ಹತ್ತು ಸೆಕೆಂಡಿಗೆ ಬೀಳುತ್ತದೆ, ಅಷ್ಟೆ.

ಇಡೀ ಪಿಸಿ ಸ್ವಿಚ್ ಆರಿಸಿದಂತೆ ಆಫ್ ಆದರೆ ಲಾಗ್‌ನಲ್ಲಿ ಕರ್ನಲ್-ಪವರ್ 41 ಕಾಣುತ್ತದೆ. ಅದನ್ನು ನೋಡಿ ಗಾಬರಿ ಬೇಡ, ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಅನುಮಾನ ಮಾತ್ರ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಕಡೆಗೆ ತಿರುಗಲಿ. ಇನ್ನೊಂದು ಬಗೆಯಿದೆ: ಮಾನಿಟರಿನಲ್ಲಿ ನೋ ಸಿಗ್ನಲ್, ಕಾರ್ಡಿನ ಫ್ಯಾನುಗಳು ಏಕಾಏಕಿ ಭೋರ್ಗರೆಯುತ್ತವೆ, ಗೇಮಿನ ಸದ್ದು ಮಾತ್ರ ಕೇಳುತ್ತಲೇ ಇರುತ್ತದೆ. ಆಗ ಮೊದಲು ನೋಡಬೇಕಾದದ್ದು ಪವರ್ ಕನೆಕ್ಟರ್, ಕಾರ್ಡು ಕೂರುವ ಸ್ಲಾಟ್, ಕಾರ್ಡನ್ನು ಸ್ಲಾಟಿನಿಂದ ದೂರ ಕೂರಿಸಿದ್ದರೆ ನಡುವಿನ ರೈಸರ್ ಕೇಬಲ್.

ಹೊಸ ಜೋಡಣೆಯಲ್ಲಿ ಹೆಚ್ಚು ಕಾಟ ಕೊಡುವುದು ಕರೆಂಟ್ ಬರುವ ದಾರಿಯೇ. ಮದರ್‌ಬೋರ್ಡಿನ ಸ್ಲಾಟ್ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ, 8 ಪಿನ್ನಿನ ಒಂದು ಕನೆಕ್ಟರ್ 150. ಆರ್‌ಟಿಎಕ್ಸ್ 3080ರಂಥ 320 ವ್ಯಾಟಿನ ಕಾರ್ಡಿಗೆ ಇಂಥವು ಕನಿಷ್ಠ ಎರಡು ಬೇಕು. ಎಡವುವುದು ಇಲ್ಲೇ. ಎಸ್‌ಎಂಪಿಎಸ್ ಜೊತೆ ಬರುವ ಒಂದೇ ಕೇಬಲಿನ ತುದಿಯಲ್ಲಿ ಜೋಡಿ ಕನೆಕ್ಟರ್ ನೇತಾಡುತ್ತಿರುತ್ತದೆ, ಅನುಕೂಲವಾಯಿತೆಂದು ಎರಡನ್ನೂ ಚುಚ್ಚಿಬಿಡುತ್ತಾರೆ. ಸ್ಲಾಟ್ ತನ್ನ ಪೂರ್ತಿ 75 ಕೊಟ್ಟರೂ ಉಳಿದ 245 ವ್ಯಾಟ್ ಆ ಒಂದೇ ಕೇಬಲಿನ ಮೇಲೆ. 12 ವೋಲ್ಟಿನಲ್ಲಿ ಅದು 20 ಆಂಪಿಯರಿಗೂ ಹೆಚ್ಚು. ಕೇಬಲಿನಲ್ಲಿ 12 ವೋಲ್ಟ್ ಹೊರುವ ಮೂರು ತಂತಿಗೆ ಹಂಚಿದರೆ ತಲಾ ಸುಮಾರು 7. ಬೇರೆಬೇರೆ ಎರಡು ಕೇಬಲ್ ಎಳೆದರೆ ತಲಾ ಮೂರೂವರೆಗೆ ಇಳಿಯುತ್ತದೆ. ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕರೆಂಟ್ ಅರ್ಧವಾದರೆ ಪ್ರತಿ ತಂತಿಯ ಬಿಸಿ ಕಾಲುಭಾಗ.

ಈ 320 ಕೂಡ ಸರಾಸರಿ ಅಂಕಿ. ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಬೇಡಿಕೆ ಅದರ ದುಪ್ಪಟ್ಟಿನ ಹತ್ತಿರಕ್ಕೆ ಜಿಗಿಯಬಹುದು. ಹಳೆಯ ಎಸ್‌ಎಂಪಿಎಸ್ ಅದನ್ನು ಶಾರ್ಟ್ ಆಯಿತೆಂದೇ ತಿಳಿದು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. 2022ರ ಎಟಿಎಕ್ಸ್ 3.0 ನಿಯಮ ಬಂದದ್ದು ಇದಕ್ಕೇ: ಡಬ್ಬಿಯ ಮೇಲಿನ ವ್ಯಾಟಿನ ಎರಡರಷ್ಟನ್ನು 100 ಮೈಕ್ರೋಸೆಕೆಂಡು ತಾಳಿಕೊಳ್ಳಬೇಕು. ಇನ್ನು ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ‘500 ವ್ಯಾಟ್’ ಎಸ್‌ಎಂಪಿಎಸ್ ಮಾತು ಬೇಡ.

ಹೊಸ 16 ಪಿನ್ನಿನ ಕನೆಕ್ಟರಿನಲ್ಲಿ ಕರೆಂಟ್ ಹೊರುವ 12 ವೋಲ್ಟಿನ ಪಿನ್ನುಗಳು ಆರು. 450 ವ್ಯಾಟ್ ಎಳೆದರೆ ತಲಾ 6.25 ಆಂಪಿಯರ್. ಅದರಲ್ಲಿ ಎರಡು ಪಿನ್ ಸರಿಯಾಗಿ ಕಚ್ಚದಿದ್ದರೆ ಉಳಿದ ನಾಲ್ಕರ ಮೇಲೆ 9.4, ಬಿಸಿ ಎರಡೂಕಾಲು ಪಟ್ಟು. 2022ರ ಕೊನೆಯಲ್ಲಿ ಕೆಲವು ಆರ್‌ಟಿಎಕ್ಸ್ 4090 ಕಾರ್ಡುಗಳ ಕನೆಕ್ಟರ್ ಕರಗಿದಾಗ ಸಿಕ್ಕ ಮುಖ್ಯ ಕಾರಣಗಳಲ್ಲಿ ಪೂರ್ತಿ ಒತ್ತಿ ಕೂರಿಸದಿರುವುದೂ ಒಂದು. ಟಾರ್ಚ್ ಬಿಟ್ಟು ಪಕ್ಕದಿಂದ ನೋಡಿ: ಕನೆಕ್ಟರಿಗೂ ಸಾಕೆಟ್ಟಿಗೂ ನಡುವೆ ಸಂದು ಕಾಣಬಾರದು. ಕ್ಯಾಬಿನೆಟ್ಟಿನ ಗಾಜಿಗೆ ತಗಲುತ್ತದೆಂದು ಕೇಬಲನ್ನು ಬುಡದಲ್ಲೇ ಮಡಚಬೇಡಿ, ಮೂರು-ನಾಲ್ಕು ಸೆಂಟಿಮೀಟರ್ ನೇರವಾಗಿ ಬಂದ ಮೇಲೆ ಬಾಗಲಿ. ಹಳೆಯ ಎಸ್‌ಎಂಪಿಎಸ್‌ನ ಮಾಡ್ಯುಲರ್ (ಎರಡೂ ತುದಿ ಬಿಚ್ಚಬಹುದಾದ) ಕೇಬಲನ್ನು ಹೊಸದಕ್ಕೆ ಚುಚ್ಚುವ ಜಿಪುಣತನವಂತೂ ಖಂಡಿತ ಕೂಡದು. ಕಾರ್ಡಿನ ತುದಿ ಎಲ್ಲ ಕಂಪನಿಗಳಲ್ಲಿ ಒಂದೇ, ಎಸ್‌ಎಂಪಿಎಸ್ ತುದಿ ಹಾಗಲ್ಲ. ಪಿನ್ ಅದಲುಬದಲಾದರೆ ಕಾರ್ಡು ಸುಡುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಬ್ಬ ಆರೋಪಿ ಮೇಜಿನ ಕೆಳಗೇ ಕೂತಿರುತ್ತದೆ: ಯುಪಿಎಸ್. 600 ವಿಎ ಎಂದು ಬರೆದ ಪೆಟ್ಟಿಗೆ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಕಾರ್ಡು, ಪ್ರೊಸೆಸರ್, ಮಾನಿಟರ್ ಸೇರಿ 450 ದಾಟಿದರೆ ಅದು ಕೈಚೆಲ್ಲುತ್ತದೆ. ಪಿಸಿಯನ್ನು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ ಒಂದು ಸಂಜೆ ಆಡಿ ನೋಡುವುದು ಖರ್ಚಿಲ್ಲದ ಪರೀಕ್ಷೆ.

ಕರೆಂಟಿನ ಕಡೆ ಎಲ್ಲ ಸರಿಯಿದ್ದರೆ ಪ್ರೊಸೆಸರ್ ಮತ್ತು ರ‍್ಯಾಮ್ ಕಡೆ ಬನ್ನಿ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್ಪುಗಳ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಅನ್‌ರಿಯಲ್ ಎಂಜಿನ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ಗೇಮ್ ತೆರೆಯುವಾಗ ‘ವಿಡಿಯೋ ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತಿತ್ತು, 16 ಜಿಬಿ ಮೆಮೊರಿಯ ಕಾರ್ಡಿನಲ್ಲೂ. ನಿಜಕ್ಕೂ ಆಗುತ್ತಿದ್ದದ್ದೇನೆಂದರೆ, ಶೇಡರ್ (ದೃಶ್ಯದ ಬೆಳಕು-ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮು) ಕಡತಗಳನ್ನು ಬಿಚ್ಚುವ ಲೆಕ್ಕದಲ್ಲಿ ಪ್ರೊಸೆಸರ್ ತಪ್ಪುತ್ತಿತ್ತು, ಆ ತಪ್ಪಿನ ಹೊಣೆ ಕಾರ್ಡಿನ ತಲೆಗೆ ಬರುತ್ತಿತ್ತು. ಚಿಪ್ಪು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆಯೆಂದು ಇಂಟೆಲ್ 2024ರ ಜುಲೈಯಲ್ಲಿ ಒಪ್ಪಿತು, ಆಗಸ್ಟಿನಲ್ಲಿ ಮೈಕ್ರೋಕೋಡ್ (ಚಿಪ್ಪಿನ ಒಳ ಸೂಚನೆಗಳು) ತಿದ್ದುಪಡಿ ಬಂತು, ವಾರಂಟಿಯೂ ಎರಡು ವರ್ಷ ಹೆಚ್ಚಾಯಿತು. ಆಗಲೇ ಹಾಳಾದ ಚಿಪ್ಪನ್ನು ಈ ತಿದ್ದುಪಡಿ ಹೊತ್ತು ಬರುವ ಬಯೋಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಸರಿಮಾಡುವುದಿಲ್ಲ, ಬದಲಿಸಲೇಬೇಕು.

ರ‍್ಯಾಮಿನದೂ ಇದೇ ಬಗೆಯ ಚೇಷ್ಟೆ. ಡಬ್ಬಿಯ ಮೇಲೆ 6000 ಎಂದಿರುವ ವೇಗ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಸೆಟ್ಟಿಂಗ್ ಆನ್ ಮಾಡಿದಾಗ ಮಾತ್ರ ಸಿಗುತ್ತದೆ, ಅದು ಒಂದು ಬಗೆಯ ಓವರ್‌ಕ್ಲಾಕ್, ಅಂದರೆ ನಿಗದಿಗಿಂತ ಹೆಚ್ಚು ವೇಗಕ್ಕೆ ಓಡಿಸುವುದು. ಅದನ್ನು ಆಫ್ ಮಾಡಿ ಅದೇ ಗೇಮಿನ ಅದೇ ಜಾಗ ಆಡಿ. ಬೀಳುವುದು ನಿಂತರೆ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಲಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ.

ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ತೆಗೆದು ಹೊಸದಾಗಿ ಹಾಕುವುದಿದ್ದರೆ ಮೊದಲು ಇಂಟರ್‌ನೆಟ್ ಕಡಿದು, ಸೇಫ್ ಮೋಡ್‌ನಲ್ಲಿ ಹಳೆಯ ಡ್ರೈವರನ್ನು ಬೇರುಸಹಿತ ತೆಗೆಯುವ ಡಿಡಿಯು ಓಡಿಸಿ. ಇಲ್ಲದಿದ್ದರೆ ನಡುವೆ ವಿಂಡೋಸ್ ಅಪ್‌ಡೇಟ್ ತನ್ನದೊಂದು ಡ್ರೈವರ್ ತೂರಿಸುತ್ತದೆ. ರೈಸರ್ ಕೇಬಲ್ ಇದ್ದರೆ ಬಯೋಸ್‌ನಲ್ಲಿ ಸ್ಲಾಟಿನ ವೇಗವನ್ನು ಜೆನ್ 3ಕ್ಕೆ ಇಳಿಸಿ ನೋಡಿ. ಹಳೆಯ ರೈಸರ್‌ಗಳು ಜೆನ್ 4ರ ವೇಗದ ಸಿಗ್ನಲನ್ನು ತಾಳುವುದಿಲ್ಲ.

ಕೊನೆಗೆ ಕಾರ್ಡನ್ನೇ ಪರೀಕ್ಷಿಸಿ. ಕಾರ್ಡಿನ ವೇಗ ಹೊಂದಿಸುವ ತಂತ್ರಾಂಶವಾದ ಆಫ್ಟರ್‌ಬರ್ನರ್‌ನಲ್ಲಿ ಕೋರ್ ಕ್ಲಾಕ್ (ಕಾರ್ಡಿನ ಚಿಪ್ಪು ಓಡುವ ವೇಗ) 100 ಮೆಗಾಹರ್ಟ್ಸ್ ಇಳಿಸಿ. 2020ರ ಸೆಪ್ಟೆಂಬರಿನಲ್ಲಿ 3080 ಬಿಡುಗಡೆಯಾದ ಮೊದಲ ವಾರಗಳಲ್ಲಿ 2 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಬೀಳುತ್ತಿದ್ದ ಕಾರ್ಡುಗಳು ಹೀಗೆ ಮಾಡಿದರೆ ಬೀಳದೆ ಓಡುತ್ತಿದ್ದವು; ತಪ್ಪು ಕಾರ್ಡಿನ ಕೆಪಾಸಿಟರ್‌ಗಳದೆಂದು ದೊಡ್ಡ ರಂಪವಾಯಿತು, ಆದರೆ ಬಹುಪಾಲು ತೊಂದರೆ ಅದೇ ತಿಂಗಳು ಬಂದ 456.55 ಡ್ರೈವರಿನಿಂದ ಇಳಿಯಿತು. ಇಂದು ನಿಮ್ಮ ಕಾರ್ಡು ಹೊಸ ಡ್ರೈವರಿನಲ್ಲೂ ಕ್ಲಾಕ್ ಇಳಿಸಿದರೆ ಮಾತ್ರ ಬೀಳದೆ ಓಡುತ್ತಿದ್ದರೆ, ಅಥವಾ ಸ್ನೇಹಿತರ ಪಿಸಿಯಲ್ಲೂ ಅದೇ ರೀತಿ ಬಿದ್ದರೆ, ಕ್ಲಾಕ್ ಇಳಿಸಿಕೊಂಡು ಬಾಳಬೇಡಿ. ಬಿಲ್, ಸೀರಿಯಲ್ ಸ್ಟಿಕರ್, ಎರಡೂ ಪಿಸಿಗಳ ಲಾಗ್ ಹಿಡಿದು ವಾರಂಟಿಗೆ ಕೊಡಿ.