ಮುತ್ತಜ್ಜನ ಕತ್ತಿ ಏಕೆ ಇಷ್ಟು ಹಗುರ?

ಖಂಡೇನವಮಿ ಮುಗಿದ ಮೇಲಿನ ಎರಡು ವಾರ ಪುಣೆಯಲ್ಲಿ ನನ್ನ ಕೆಲಸಕ್ಕೆ ಸುಗ್ಗಿ. ಹಳೆಯ ಲೋಹದ ವಸ್ತುಗಳ ಸಂರಕ್ಷಣೆ ನನ್ನ ವೃತ್ತಿ. ವರ್ಷವಿಡೀ ಸಂಗ್ರಹಾಲಯಗಳ ಕೆಲಸ ನಡೆಯುತ್ತಿರುತ್ತದೆ, ದಸರೆಯ ಆಸುಪಾಸಿನಲ್ಲಿ ಮಾತ್ರ ಮನೆಮಂದಿ ಬರುತ್ತಾರೆ. ಧಾರವಾಡ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದು ಕೋಥರೂಡ್‌ನಲ್ಲೋ ಚಿಂಚವಡದಲ್ಲೋ ನೆಲೆ ನಿಂತ ದೇಸಗತಿ, ಗೌಡಕಿ ಮನೆತನದವರು. ಕೈಯಲ್ಲಿ ಹಳೆ ಇಳಕಲ್ ಸೀರೆಯಲ್ಲಿ ಸುತ್ತಿದ ಉದ್ದನೆಯ ಗಂಟು. ಬಿಚ್ಚಿದರೆ, ಕುಂಕುಮ ಹಚ್ಚಿದ ಜಾಗದಲ್ಲೇ ಕಂದು ಬಣ್ಣದ ತುಕ್ಕಿನ ಬೊಟ್ಟು.

ಎಲ್ಲರದೂ ಎರಡೇ ಪ್ರಶ್ನೆ. ಯಾವ ರಾಜಂದು ಇದು? ಮತ್ತೆ, ಇಷ್ಟ್ಯಾಕ ಹಗುರ ಐತಿ? ಮೊದಲನೆಯದಕ್ಕೆ ಉತ್ತರ ಬೇಗ ಮುಗಿಯುತ್ತದೆ: ಬಹುಪಾಲು ಕತ್ತಿಗಳು ಯಾವ ರಾಜನವೂ ಅಲ್ಲ, ಸಂಬಳಕ್ಕೆ ದುಡಿದ ಸಿಪಾಯಿಯವು. ಇದನ್ನು ಕೇಳಿ ಮುಖ ಸಣ್ಣದು ಮಾಡುವವರಿದ್ದಾರೆ. ನನಗಂತೂ ರಾಜರ ಕತ್ತಿಗಿಂತ ಇವೇ ಇಷ್ಟ. ರಾಜರ ಕತ್ತಿ ದರ್ಬಾರಿನಲ್ಲಿ ಕೂತು ಹೊಳೆದಿರುತ್ತದೆ, ಸಿಪಾಯಿಯ ಕತ್ತಿ ಸವೆದಿರುತ್ತದೆ. ಓದಲು ಸಿಗುವುದು ಸವಕಳಿಯಲ್ಲಿ.

ಎರಡನೆಯ ಪ್ರಶ್ನೆಗೆ ಸ್ವಲ್ಪ ಹೊತ್ತು ಬೇಕು.

ವಾಟ್ಸಾಪ್‌ನಲ್ಲಿ ಇಂಥ ವೀರನ ಖಡ್ಗ ಮೂವತ್ತು ಕಿಲೋ, ಅಂಥ ವೀರನ ಕವಚ ನೂರು ಕಿಲೋ ಎಂದು ಓದಿದವರಿಗೆ ತಕ್ಕಡಿಯಲ್ಲಿ ಕಾಣುವ ಅಂಕಿ ಅವಮಾನದಂತೆ ಕಾಣುತ್ತದೆ. ಯುದ್ಧಕ್ಕೆ ಒಯ್ದ ತಲ್ವಾರಿನ ತೂಕ ಸಾಮಾನ್ಯವಾಗಿ ಒಂದು ಕಿಲೋದ ಆಚೀಚೆ. ಯುರೋಪಿನ ಒಂಟಿ ಕೈ ಖಡ್ಗಗಳದೂ ಹೆಚ್ಚು ಕಡಿಮೆ ಅಷ್ಟೇ. ಕುದುರೆಯ ಮೇಲೆ ಕೂತು, ಒಂದು ಕೈಯಲ್ಲಿ ಲಗಾಮು ಹಿಡಿದು, ಬೆಳಗಿನಿಂದ ಮಧ್ಯಾಹ್ನದವರೆಗೆ ಬೀಸಬೇಕಾದ ವಸ್ತು ಅದು. ಬೀಸಿದ ಮೇಲೆ ತಡೆದು ಹಿಂದಕ್ಕೆಳೆಯಲು ಆಗದಿದ್ದರೆ ಎರಡನೆಯ ಏಟು ಎದುರಾಳಿಯದು.

ತೂಕವೆಲ್ಲ ಇದ್ದದ್ದು ತಾಲೀಮಿನಲ್ಲಿ. ರೋಮಿನ ಹೊಸ ಸೈನಿಕರಿಗೆ ನೆಲದಲ್ಲಿ ನೆಟ್ಟ ಆಳೆತ್ತರದ ಮರದ ಗೂಟದೆದುರು ಅಭ್ಯಾಸ ಮಾಡಿಸುತ್ತಿದ್ದರು. ಕೈಗೆ ಕೊಡುತ್ತಿದ್ದ ಮರದ ಕತ್ತಿ, ಬೆತ್ತದ ಗುರಾಣಿ ಎರಡೂ ಯುದ್ಧದವಕ್ಕಿಂತ ಇಮ್ಮಡಿ ತೂಕ. ಆ ಭಾರಕ್ಕೆ ಒಗ್ಗಿದ ತೋಳಿಗೆ ನಿಜವಾದ ಕತ್ತಿ ಹೂವಿನಂತೆ ಏಳಬೇಕು ಎಂಬುದು ಲೆಕ್ಕ. ನಮ್ಮ ಗರಡಿಮನೆಗಳ ಗದೆ, ಕರೇಲ, ಮುದ್ಗರಗಳ ಹಿಂದೆ ಇರುವುದೂ ಇದೇ ಲೆಕ್ಕ. ಪುಣೆಯ ಹಳೆ ಪೇಟೆಗಳಲ್ಲಿ ಗರಡಿಗೆ ತಾಲೀಮು ಎಂದೇ ಹೆಸರು, ಗಣಪತಿ ಮಂಡಳಿಗಳ ಹೆಸರಿನಲ್ಲಿ ಅದು ಈಗಲೂ ಉಳಿದಿದೆ. ಗಣೇಶ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯಲ್ಲಿ ಶಾಲೆಯ ಹುಡುಗಿಯರು ಝಲ್ ಝಲ್ ಎಂದು ಕುಣಿಸುವ ಲೇಝಿಮ್ ನೋಡಿದ್ದೀರಲ್ಲ? ಅದು ಮೂಲದಲ್ಲಿ ಬಿಲ್ಲುಗಾರರ ಕಸರತ್ತಿನ ಸಾಧನ. ಬಿಲ್ಲಿಗೆ ಹೆದೆಯ ಬದಲು ಕಬ್ಬಿಣದ ಸರಪಳಿ ಕಟ್ಟಿ, ಅದನ್ನು ತಲೆಯ ಮೇಲೆ ಎಡಕ್ಕೂ ಬಲಕ್ಕೂ ಎಳೆದು ಎಳೆದು ಭುಜ ಬೆಳೆಸುತ್ತಿದ್ದರು. ಇರಾನಿನ ಗರಡಿಗಳಲ್ಲಿ ಆ ಭಾರದ ರೂಪ ಇನ್ನೂ ಬಳಕೆಯಲ್ಲಿದೆ. ನಮ್ಮಲ್ಲಿ ಸರಪಳಿ ಸಣ್ಣದಾಗಿ, ಗೆಜ್ಜೆಯ ದನಿ ಬಂತು.

ಇಂಥ ಅಭ್ಯಾಸ ಮೂಳೆಯಲ್ಲೂ ಗುರುತು ಬಿಡುತ್ತದೆ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಅದರಲ್ಲಿ ಸಿಕ್ಕ ಬಿಲ್ಲುಗಳನ್ನು ಎಳೆಯಲು ಸುಮಾರು 45ರಿಂದ 80 ಕಿಲೋ ಬಲ ಬೇಕಿತ್ತೆಂದು ಅಂದಾಜು. ಅಲ್ಲಿನ ಅಸ್ಥಿಪಂಜರಗಳಲ್ಲಿ ಹಲವರ ಭುಜದ ತುದಿಯ ಮೂಳೆ ಎಲ್ಲರಂತೆ ಬೆಸೆದುಕೊಳ್ಳದೆ ಬಿಡಿಯಾಗಿಯೇ ಉಳಿದಿತ್ತು. ಮೂಳೆ ಬಲಿಯುವ ಮೊದಲೇ, ಹುಡುಗರಾಗಿದ್ದಾಗಿನಿಂದ, ದೊಡ್ಡ ಬಿಲ್ಲು ಎಳೆದ ಫಲ ಇದೆಂದು ಅಧ್ಯಯನ ಮಾಡಿದವರು ಭಾವಿಸುತ್ತಾರೆ. ನಮ್ಮ ಸಿಪಾಯಿಗಳ ಮೂಳೆ ಬಹುಮಟ್ಟಿಗೆ ಬೂದಿಯಾಯಿತು. ಹಾಗಾಗಿ ಅವರ ಭುಜದ ಕಥೆಯನ್ನು ಕತ್ತಿಯ ಹಿಡಿಯಿಂದಲೇ ತಿಳಿಯಬೇಕು.

ಈಚೆಗೆ ನನ್ನ ಮೇಜಿಗೆ ಬಂದ ಒಂದು ತಲ್ವಾರನ್ನೇ ನೋಡೋಣ. ಹಿಡಿ ಕಬ್ಬಿಣದ್ದು, ಕೊನೆಯಲ್ಲಿ ತಟ್ಟೆಯಂಥ ಬಿಲ್ಲೆ. ಮುಷ್ಟಿ ಕೂರುವ ಜಾಗ ಎಷ್ಟು ಕಿರಿದೆಂದರೆ ನಾಲ್ಕು ಬೆರಳು ಒತ್ತಿ ಕೂರುತ್ತವೆ. ಇದನ್ನು ಕಂಡು ‘ಹಿಂದಿನವರ ಕೈ ಸಣ್ಣದಿತ್ತು’ ಎನ್ನುವುದು ಸಂಗ್ರಹಾಲಯಗಳಲ್ಲಿ ಗೈಡ್‌ಗಳ ಬಾಯಿಪಾಠ. ತಪ್ಪು. ಹಿಡಿ ಬಿಗಿಯಾಗಿರುವುದು ಬೇಕೆಂದೇ. ತೋಳು ಚಾಚಿ ಮೊನೆಯನ್ನು ಮುಂದಕ್ಕೆ ತಿವಿಯಲು ಹೋದರೆ ಆ ಬಿಲ್ಲೆ ಮಣಿಕಟ್ಟಿಗೆ ಒತ್ತಿ ನೋಯಿಸುತ್ತದೆ. ಅದೇ ಮಣಿಕಟ್ಟನ್ನು ಬಿಗಿ ಹಿಡಿದು, ಭುಜದಿಂದ ಸುತ್ತಿಸಿ, ಹೊಡೆದ ಏಟನ್ನು ಮೈಯತ್ತ ಎಳೆದರೆ ಬಿಲ್ಲೆ ಆಸರೆಯಾಗುತ್ತದೆ. ಬಾಗಿದ ಅಲಗಿಗೆ ಬೇಕಾದದ್ದೂ ಈ ಎಳೆತವೇ. ಹೇಗೆ ಹೊಡೆಯಬೇಕೆಂದು ಹಿಡಿಯೇ ಹೇಳಿಕೊಡುತ್ತದೆ, ತಪ್ಪಿದರೆ ಚುಚ್ಚುತ್ತದೆ.

ಈ ತಲ್ವಾರಿನ ಹಿಡಿಯ ಮೇಲೆ ಒಂದು ಕಾಲಕ್ಕೆ ಬೆಳ್ಳಿಯ ಕೋಫ್ತಗಿರಿ ಇತ್ತು. ಕಬ್ಬಿಣದ ಮೇಲೆ ಒತ್ತೊತ್ತಾಗಿ ಗೀರು ಹಾಕಿ ಬೆಳ್ಳಿಯ ತಂತಿ ತಟ್ಟಿ ಕೂರಿಸುವ ಕೆಲಸ. ಈಗ ಅಂಚಿನ ಕುಳಿಗಳಲ್ಲಿ ಮಾತ್ರ ಹೊಳಪು. ಅಂಗೈ ಕೂರುವಲ್ಲಿ ಪೂರ್ತಿ ಹೋಗಿ ಕಬ್ಬಿಣ ನುಣ್ಣಗಾಗಿದೆ. ಅಡ್ಡಪಟ್ಟಿಯ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಸವೆದಿದೆ. ತೋರುಬೆರಳನ್ನು ಅಡ್ಡಪಟ್ಟಿಯ ಮೇಲೆ ಕೊಕ್ಕೆ ಹಾಕಿ ಹಿಡಿಯುವವನ ಕೈ ಅದು. ಅಲಗಿನ ಹೊಡೆತ ಬೀಳುವ ಭಾಗ ಮಾತ್ರ ಉಳಿದ ಕಡೆಗಿಂತ ಅಗಲ ಕಡಿಮೆ: ಕಚ್ಚು ಬಿದ್ದಾಗಲೆಲ್ಲ ಸಾಣೆ ಹಿಡಿದು ಹಿಡಿದು ಸವೆಸಿದ್ದು. ಅದಕ್ಕೂ ತಗ್ಗದ ಒಂದು ಆಳದ ಕಚ್ಚು ಹಾಗೇ ಇದೆ, ಇನ್ನೊಂದು ಅಲಗು ಬಡಿದ ಗುರುತು.

ಹಿಡಿ ಸಡಿಲವಾಗಿತ್ತು. ಇಲ್ಲಿ ಮೊಳೆ, ತಿರುಪು ಏನೂ ಇರುವುದಿಲ್ಲ. ಅಲಗಿನ ಹಿಂದಿನ ಮೊಂಡು ಬಾಲವನ್ನು ಟೊಳ್ಳು ಹಿಡಿಯೊಳಗೆ ತೂರಿಸಿ, ಇಟ್ಟಿಗೆ ಪುಡಿಯಂಥದ್ದು ಬೆರೆಸಿದ ಬಿಸಿ ಅರಗು ತುಂಬಿ ತಣಿಸಿದರೆ ಮುಗಿಯಿತು. ಹದವಾಗಿ ಕಾಯಿಸಿದರೆ ಅರಗು ಮೆತ್ತಗಾಗಿ, ಕಮಟು ವಾಸನೆ ಬಂದು, ಅಲಗು ಕೈಗೆ ಬರುತ್ತದೆ. ದಂಡಿನ ಬಿಡಾರದಲ್ಲಿ ಕೆಂಡದ ಮುಂದೆ ಕೂತು ಅಲಗು ಬದಲಿಸಿಕೊಳ್ಳಬಹುದಾದ ವ್ಯವಸ್ಥೆ ಇದು. ಹಾಗಾಗಿ ‘ಎಷ್ಟು ವರ್ಷ ಹಳೆಯದು’ ಎಂದರೆ ಹಿಡಿಗೊಂದು, ಅಲಗಿಗೊಂದು ಉತ್ತರ ಕೊಡಬೇಕಾಗುತ್ತದೆ. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದ ಮೇಲೆ ಪಶ್ಚಿಮ ಕರಾವಳಿಯ ಬಂದರುಗಳಿಗೆ ಯುರೋಪಿನ ಅಲಗುಗಳು ಮೂಟೆಗಟ್ಟಲೆ ಬಂದವು. ಇಲ್ಲಿನ ಹಿಡಿ ಹಾಕಿಸಿಕೊಂಡ ಆ ನೇರ ಕತ್ತಿಗಳೇ ಫಿರಂಗಿ. ಅವುಗಳ ಮೇಲಿನ ಕುಡುಗೋಲಿನಾಕಾರದ ಜೋಡಿ ಗುರುತಿಗೆ ಎಷ್ಟು ಬೇಡಿಕೆ ಇತ್ತೆಂದರೆ ನಮ್ಮ ಕಮ್ಮಾರರೂ ತಮ್ಮ ಅಲಗಿಗೆ ಅದನ್ನೇ ಒತ್ತುತ್ತಿದ್ದರು. ಬ್ರ್ಯಾಂಡ್ ನಕಲು ಮಾಡುವುದು ಹೊಸ ವಿದ್ಯೆಯಲ್ಲ.

ದಾಂಡಪಟ್ಟದ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ರಾಜ್ಯದ ಆಯುಧವೆಂದು ಘೋಷಿಸಿತು. ಮೊಣಕೈವರೆಗೆ ಬರುವ ಉಕ್ಕಿನ ಕೈಗವಸು, ಒಳಗೆ ಅಡ್ಡ ಹಿಡಿ, ಮುಂದೆ ಬಳುಕುವ ನೇರ ಅಲಗು. ಮಣಿಕಟ್ಟು ಪೂರ್ತಿ ಬಂಧಿ. ಬೀಸಿದರೆ ಭುಜದಿಂದ, ಸೊಂಟದಿಂದ, ಹೆಜ್ಜೆಯಿಂದಲೇ ಬೀಸಬೇಕು. ಕೊಲ್ಲಾಪುರದ ಮರ್ದಾನಿ ಖೇಳ ಎಂಬ ಸಮರಕಲೆಯವರು ಅಂಗೈಯಲ್ಲಿಟ್ಟ ನಿಂಬೆಹಣ್ಣನ್ನು ಪಟ್ಟದಿಂದ ಸೀಳುವುದನ್ನು ನೋಡಿ. ನೋಡಬೇಕಾದದ್ದು ನಿಂಬೆಹಣ್ಣನ್ನಲ್ಲ, ಬೀಸುವವನ ಪಾದಗಳನ್ನು.

ಇನ್ನು ಈ ಕತ್ತಿ ಹಿಡಿದವನ ಬದುಕು. ಶಿವಾಜಿಯ ಕುದುರೆ ದಂಡಿನಲ್ಲಿ ಎರಡು ಬಗೆಯವರಿದ್ದರು. ಶಿಲೇದಾರ ತನ್ನದೇ ಕುದುರೆ, ತನ್ನದೇ ಆಯುಧ ತರುತ್ತಿದ್ದ. ಬಾರಗೀರನಿಗೆ ಎರಡನ್ನೂ ಸರ್ಕಾರ ಕೊಡುತ್ತಿತ್ತು. 25 ಬಾರಗೀರರ ಮೇಲೆ ಒಬ್ಬ ಹವಾಲ್ದಾರ, ಐದು ಹವಾಲ್ದಾರರ ಮೇಲೆ ಒಬ್ಬ ಜುಮಲೇದಾರ. ನನಗೆ ಈ ಪಟ್ಟಿಯಲ್ಲಿ ಹಿಡಿಸುವುದು ಅಧಿಕಾರಿಗಳ ಸಾಲಲ್ಲ: ಪ್ರತಿ 25 ಕುದುರೆಗೆ ಒಬ್ಬ ನೀರಿನವನು, ಲಾಳ ಕಟ್ಟುವ ಒಬ್ಬ ನಾಲಬಂದಿನವನು ಇರಲೇಬೇಕೆಂಬ ನಿಯಮವಿತ್ತು. ಲಾಳ ಕಳಚಿದ ಕುದುರೆಯ ಮೇಲೆ ಯಾವ ವೀರನೂ ವೀರನಲ್ಲ ಎಂದು ಗೊತ್ತಿದ್ದವರು ಬರೆದದ್ದು. ಮಳೆಗಾಲದಲ್ಲಿ ದಂಡು ಬಿಡಾರಕ್ಕೆ ಮರಳಬೇಕು, ದಸರೆಗೆ ಸೀಮೆ ದಾಟಿ ಹೊರಡಬೇಕು. ದಂಡಿನ ಜೊತೆ ಹೆಂಗಸರು ಹೋಗುವಂತಿಲ್ಲ. ಮರಳಿ ಬಂದಾಗ ಪ್ರತಿಯೊಬ್ಬನ ಜಡತಿ, ಅಂದರೆ ತಪಾಸಣೆ, ನಡೆದು, ಲೆಕ್ಕಕ್ಕಿಂತ ಹೆಚ್ಚು ಸಿಕ್ಕ ಮಾಲು ಸರ್ಕಾರಕ್ಕೆ. ಬಾರಗೀರನ ಕತ್ತಿ ಮನೆತನಕ್ಕೆ ಉಳಿಯುವುದೇ ಕಷ್ಟ, ಅದು ಅವನದಲ್ಲ. ಹಾಗಾಗಿ ನಿಮ್ಮ ಮನೆಯ ಜಂತಿಯಲ್ಲಿ ಉಳಿದದ್ದು ಬಹುಶಃ ಶಿಲೇದಾರನಂಥ ಒಬ್ಬ ಸ್ವಂತ ಬಂಡವಾಳದವನದು. ಸರ್ಕಾರಿ ಖಜಾನೆಯ ಆಯುಧಗಳ ಮೇಲೆ ಅನೇಕ ಕಡೆ ಚುಕ್ಕೆ ಚುಕ್ಕೆಯಾಗಿ ಕೊರೆದ ಬರಹ ಇರುತ್ತದೆ. 1689ರಲ್ಲಿ ಆದೋನಿ ಕೋಟೆ ಬಿದ್ದಾಗ ರಾಜಸ್ಥಾನದ ಬಿಕಾನೇರಿಗೆ ಸಾಗಿದ ಬಿಜಾಪುರದ ಕತ್ತಿ, ಕಠಾರಿಗಳ ಮೇಲೆ ಅಂಥ ದೇವನಾಗರಿ ಬರಹ ಇಂದಿಗೂ ಓದಲು ಸಿಗುತ್ತದೆ. ನಿಮ್ಮ ಕತ್ತಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಹಿಡಿಯ ಬುಡ ನೋಡಿ.

ಬಂದೂಕು ಬಂದ ಮೇಲೆ ಈ ಭುಜಗಳಿಗೆ ಬೆಲೆ ಇಳಿಯಿತು. ಈಸ್ಟ್ ಇಂಡಿಯಾ ಕಂಪನಿಯ ಬ್ರೌನ್ ಬೆಸ್ ಮಸ್ಕೆಟ್ ನಾಲ್ಕೂವರೆ ಕಿಲೋ ಆಸುಪಾಸು, ನೂರು ಮೀಟರ್ ದಾಟಿದರೆ ಗುರಿ ದೇವರಿಗೇ ಬಿಟ್ಟದ್ದು. ಸಿಪಾಯಿಗೆ ಬೇಕಾದದ್ದು ಕಾಗದದ ತೋಟೆಯನ್ನು ಕಚ್ಚಿ ಹರಿಯಲು ಗಟ್ಟಿ ಮುಂಬಲ್ಲು, ಮತ್ತೆ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ತುಂಬಿ ನಿಮಿಷಕ್ಕೆ ಮೂರು ಸಲ ಹೊಡೆಯುವ ಅಭ್ಯಾಸ. ಎದುರಿಗೆ ಕುದುರೆ ನುಗ್ಗುತ್ತಿದ್ದರೂ ಅಪ್ಪಣೆ ಬರುವವರೆಗೆ ಬಂದೂಕಿನ ಟ್ರಿಗರ್ ಎಳೆಯದಿರುವುದೇ ಅದರಲ್ಲಿ ಕಷ್ಟದ ಪಾಠ. 1817ರ ನವೆಂಬರ್ 5ರಂದು ಪುಣೆಯ ಖಡಕಿಯಲ್ಲಿ ಪೇಶ್ವೆಯ ಸೇನಾಪತಿ ಬಾಪು ಗೋಖಲೆಯ ರಾವುತರು ಕಂಪನಿಯ ಸಾಲಿನ ಮೇಲೆ ಏರಿ ಹೋದರು. ಸಂಖ್ಯೆಯಲ್ಲಿ ಪೇಶ್ವೆಯವರು ಎಷ್ಟೋ ಪಾಲು ಹೆಚ್ಚು. ನಡುವಿನ ಜೌಗು ಕಣ್ಣಿಗೆ ಬೀಳಲಿಲ್ಲ, ಕುದುರೆಗಳು ಹೂತವು, ಅಲ್ಲಿಯವರೆಗೆ ತಡೆದು ನಿಂತ ಬಂದೂಕುಗಳು ಆಗ ಸಿಡಿದವು. ಹಾರಿಸಿದವರಲ್ಲಿ ಹೆಚ್ಚಿನವರು ಮುಂಬಯಿ ಸೈನ್ಯದ ದೇಶೀ ಸಿಪಾಯಿಗಳೇ. 1768ರಲ್ಲಿ ಮುಂಬಯಿಯಲ್ಲಿ ಕಟ್ಟಿದ ಇಂಥದ್ದೇ ಒಂದು ಪಡೆಯಿಂದ ಬೆಳೆದದ್ದು ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿ. ನನ್ನಲ್ಲಿಗೆ ಬರುವ ಎಷ್ಟೋ ಮನೆಗಳಲ್ಲಿ ಕತ್ತಿಯ ಪಕ್ಕದಲ್ಲೇ ಆ ರೆಜಿಮೆಂಟಿನ ಒಂದು ಮಾಸಿದ ಗ್ರೂಪ್ ಫೋಟೋ ಇರುತ್ತದೆ.

ಇನ್ನು ತುಕ್ಕಿನ ಮಾತು. ಪೂಜೆ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಆದರೆ ನೀರಲ್ಲಿ ಕಲಸಿದ ಕುಂಕುಮ, ನಿಂಬೆಹಣ್ಣಿನ ರಸ, ಒದ್ದೆ ಚೆಂಡುಹೂವು ಇವು ಮೂರೂ ಉಕ್ಕಿಗೆ ವೈರಿ. ಕುಂಕುಮವನ್ನು ಒರೆಗೋ ಹಿಡಿಗೆ ಕಟ್ಟಿದ ಬಟ್ಟೆಗೋ ಹಚ್ಚಿ, ನಿಂಬೆಹಣ್ಣನ್ನು ವೀಳ್ಯದೆಲೆಯ ಮೇಲೆ ಪಕ್ಕಕ್ಕಿಡಿ. ಅಂದು ಸಂಜೆಯೇ ಒಣ ಹತ್ತಿಬಟ್ಟೆಯಿಂದ ಒರೆಸಿ. ಬರಿಗೈಯಲ್ಲಿ ಅಲಗು ಮುಟ್ಟಿದರೆ ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕಾಗಿ ಏಳುತ್ತದೆ. ವರ್ಷಪೂರ್ತಿ ಒರೆಯೊಳಗೆ ಇಡಬೇಡಿ, ಪುಣೆಯ ಜುಲೈ ತಿಂಗಳಲ್ಲಿ ಚರ್ಮ ಮತ್ತು ಮರ ತೇವ ಹೀರಿ ಅಲಗಿಗೇ ಉಣಿಸುತ್ತವೆ. ತೆಳುವಾಗಿ ಮೈಕ್ರೋಕ್ರಿಸ್ಟಲೈನ್ ಮೇಣ ಹಚ್ಚಿ, ಒರೆಯಿಂದ ಬೇರೆಯಾಗಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪೆಟ್ಟಿಗೆಯಲ್ಲಿಟ್ಟರೆ ಸಾಕು.

ಹುಣಸೆಹಣ್ಣು, ಮರಳುಕಾಗದ, ಓಣಿಯ ಸಾಣೆಯವನ ಯಂತ್ರ ಮೂರನ್ನೂ ದೂರವಿಡಿ. ಗ್ರೈಂಡರ್‌ಗೆ ಹಿಡಿದ ಅಲಗು ಹೊಳೆಯುತ್ತದೆ ನಿಜ, ಆದರೆ ಕಚ್ಚು, ಸಾಣೆಯ ಗೆರೆ, ಜಲರೇಖೆಯಂಥ ನಯ ಎಲ್ಲವೂ ಹತ್ತು ನಿಮಿಷದಲ್ಲಿ ಹೋಗಿರುತ್ತವೆ, ಮತ್ತೆ ತರಲು ನನ್ನಿಂದಾಗದು. ಬೆಲೆ ಎಷ್ಟು ಎಂದು ಕೇಳಬೇಡಿ, ನಾನು ಹೇಳುವುದಿಲ್ಲ. ನೂರು ವರ್ಷ ದಾಟಿದ್ದರೆ 1972ರ ಕಾಯ್ದೆಯಡಿ ಅದು ಪುರಾತನ ವಸ್ತು, ಅಮೆರಿಕದ ಮಗನ ಮನೆಯ ಗೋಡೆಗೆ ಒಯ್ಯುವಂತಿಲ್ಲ. ತರುವಾಗ ಕತ್ತಿಯ ಜೊತೆ ಅದರ ಹಳೆ ಒರೆ, ಹರಿದ ಸೊಂಟಪಟ್ಟಿ ಇದ್ದರೆ ಅವನ್ನೂ ತನ್ನಿ. ಪಟ್ಟಿಯನ್ನು ಎಸೆದು ಬಂದವರೇ ಹೆಚ್ಚು, ಅದರ ತೂತುಗಳಿಂದ ಕತ್ತಿ ಕಟ್ಟಿದವನ ಸೊಂಟದ ಅಳತೆ ಸಿಗುತ್ತದೆ.