ಎಷ್ಟು ಬಿಟ್ಟಾರ ಅಂತ ಕೇಳಬೇಡಿ, ಎಲ್ಲಿಗೆ ಬರುತ್ತೆ ಅಂತ ಕೇಳಿ

ಮಳೆಗಾಲ ಶುರುವಾಯಿತು ಅಂದರೆ ನನ್ನ ಫೋನಿಗೆ ಬರುವ ಪ್ರಶ್ನೆ ಒಂದೇ. "ಸರ್, ಎಷ್ಟು ಬಿಟ್ಟಾರ?" ಡ್ಯಾಮಿನಿಂದ ಹೊಳೆಗೆ ಬಿಟ್ಟ ನೀರಿನ ಮಾತು ಅದು. ಘಟಪ್ರಭೆಯ ಹಿಡಕಲ್‌ನಿಂದ ಎಷ್ಟು, ಮಲಪ್ರಭೆಯ ನವಿಲುತೀರ್ಥದಿಂದ ಎಷ್ಟು, ಮಹಾರಾಷ್ಟ್ರದ ಕೊಯ್ನಾದಿಂದ ಎಷ್ಟು. ಕೇಳುವವರು ರೈತರು, ಮಾಸ್ತರರು, ಪಂಚಾಯ್ತಿ ಸದಸ್ಯರು. ನಾನು ಇಷ್ಟು ಕ್ಯೂಸೆಕ್ ಅಂತ ಅಂಕಿ ಹೇಳುತ್ತೇನೆ. "ಹೌದಾ" ಅಂದು ಫೋನ್ ಇಡುತ್ತಾರೆ. ಆ ಅಂಕಿ ಇಟ್ಟುಕೊಂಡು ಏನು ಮಾಡಿದಿರಿ ಅಂತ ಆಮೇಲೆ ವಿಚಾರಿಸಿದರೆ, ಏನೂ ಮಾಡಿರುವುದಿಲ್ಲ. ಅದು ಅವರ ತಪ್ಪಲ್ಲ. ಆ ಅಂಕಿಯಿಂದ ಅವರಿಗೆ ಏನೂ ಮಾಡಲು ಬರುವುದಿಲ್ಲ.

ನಾನು ಎಂಟು ವರ್ಷ ಹೊನ್ನಾವರ, ಕುಮಟಾ ಕಡೆಯ ಮೀನುಗಾರರ ಊರುಗಳಲ್ಲಿ ಕೆಲಸ ಮಾಡಿದವನು. ಕಡಲಿನ ವಿಜ್ಞಾನವನ್ನು ಊರಿನವರ ಕೈಗೆ ಸಿಗುವ ಹಾಗೆ ಮಾಡುವುದು ನಮ್ಮ ತಂಡದ ಕೆಲಸವಾಗಿತ್ತು. ಈಗ ಬಾಗಲಕೋಟೆಯಲ್ಲಿದ್ದು ಘಟಪ್ರಭೆ, ಮಲಪ್ರಭೆ, ಕೃಷ್ಣೆಯ ದಂಡೆಯಲ್ಲಿ ಅದೇ ಕೆಲಸ ಮಾಡಿಸುತ್ತಿದ್ದೇನೆ. ಕರಾವಳಿಯಲ್ಲಿ ಯಾರೂ ನನ್ನನ್ನು "ಸಮುದ್ರದಲ್ಲಿ ನೀರು ಎಷ್ಟಿದೆ" ಅಂತ ಕೇಳಲಿಲ್ಲ. "ಅಲೆ ಎಷ್ಟು ಎತ್ತರ? ಯಾವ ಹೊತ್ತಿಗೆ?" ಅಷ್ಟೇ ಕೇಳುತ್ತಿದ್ದರು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಮುನ್ಸೂಚನೆಯೂ ಅದೇ ಭಾಷೆಯಲ್ಲಿ ಇರುತ್ತದೆ. ಅಲೆ ಇಷ್ಟು ಮೀಟರ್, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ. ದೋಣಿ ಎಲ್ಲಿಗೆ ಎಳೆಯಬೇಕು ಅಂತ ಅವರೇ ನಿರ್ಧಾರ ಮಾಡುತ್ತಾರೆ.

ಒಡಿಶಾದಲ್ಲಿ 1999ರ ಮಹಾ ಚಂಡಮಾರುತಕ್ಕೆ ಸುಮಾರು 10 ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಸತ್ತವರು 50ಕ್ಕಿಂತ ಕಡಿಮೆ. ಮುನ್ಸೂಚನೆ ಸುಧಾರಿಸಿದ್ದು, ಚಂಡಮಾರುತದ ಆಶ್ರಯ ಕಟ್ಟಡಗಳನ್ನು ಕಟ್ಟಿದ್ದು ದೊಡ್ಡ ಕಾರಣ. ಆದರೆ ಸುಮಾರು 10 ಲಕ್ಷ ಜನ ಸುಮ್ನೆ ಮನೆ ಬಿಟ್ಟು ಏಳುವುದಿಲ್ಲ. ಯಾವಾಗ ಹೊರಡಬೇಕು, ಎಲ್ಲಿಗೆ ಹೋಗಬೇಕು ಅನ್ನುವುದು ಅವರಿಗೆ ಮೊದಲೇ ಗೊತ್ತಾಗಿರಬೇಕು.

ಈಗ ನಮ್ಮ ಕ್ಯೂಸೆಕ್‌ಗೆ ಬರೋಣ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಡಬ್ಬಿ. ಅದರಲ್ಲಿ 28 ಲೀಟರ್ ಚಿಲ್ಲರೆ ನೀರು ಹಿಡಿಯುತ್ತದೆ. ಅಂಥದ್ದೊಂದು ಡಬ್ಬಿಯಷ್ಟು ನೀರು ಒಂದು ಸೆಕೆಂಡಿನಲ್ಲಿ ದಾಟಿ ಹೋದರೆ ಒಂದು ಕ್ಯೂಸೆಕ್. ಅಂಥ ನೂರು ಕೋಟಿ ಡಬ್ಬಿ ನೀರು ಒಂದು ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ಇಡೀ ಒಂದು ದಿನ ಹರಿದರೆ 8.64 ಟಿಎಂಸಿ. ಡ್ಯಾಮ್ ನಡೆಸುವ ಎಂಜಿನಿಯರ್‌ಗೆ ಈ ಲೆಕ್ಕ ಬೇಕೇ ಬೇಕು. 51 ಟಿಎಂಸಿ ಹಿಡಿಯುವ ಹಿಡಕಲ್ ಎಷ್ಟು ದಿನಕ್ಕೆ ತುಂಬುತ್ತದೆ, ಎಷ್ಟು ಗೇಟು ಎತ್ತಬೇಕು ಅನ್ನುವುದೆಲ್ಲ ಅದರಿಂದಲೇ ಗೊತ್ತಾಗುವುದು. ಆದರೆ ಅದು ಹರಿವಿನ ಲೆಕ್ಕ, ಎತ್ತರದ ಲೆಕ್ಕ ಅಲ್ಲ. ಒಂದು ಕೊಡ ನೀರನ್ನು ಪರಾತಕ್ಕೆ ಸುರಿಯಿರಿ, ಇನ್ನೊಂದು ಕೊಡವನ್ನು ಬಕೆಟ್ಟಿಗೆ ಸುರಿಯಿರಿ. ನೀರು ಅಷ್ಟೇ, ಏರಿದ್ದು ಮಾತ್ರ ಬೇರೆ ಅಲ್ವಾ? ಒಂದು ಲಕ್ಷ ಕ್ಯೂಸೆಕ್ ಅಂದರೆ ಆಲಮಟ್ಟಿ ಹತ್ತಿರ ಕೃಷ್ಣೆಗೆ ಮಳೆಗಾಲದ ಮಾಮೂಲಿ ದಿನ. ಮಲಪ್ರಭೆಗೆ ಅದು ಊರೂರು ಬಿಡಿಸುವ ನೀರು. ಅದರ ಪಾತ್ರವೇ ಸಣ್ಣದು. ಅದರಲ್ಲೂ ಎಷ್ಟೋ ಕಡೆ ಕಬ್ಬು ನದಿಯೊಳಗೇ ಇಳಿದು ನಿಂತಿದೆ.

ಇನ್ನೊಂದು ಮಾತು. ಡ್ಯಾಮಿನ ಅಂಕಿ ಡ್ಯಾಮಿನ ಗೇಟಿನದು, ನಿಮ್ಮ ಊರಿನದಲ್ಲ. ಹಿಡಕಲ್‌ನಿಂದ ಬಿಟ್ಟ ನೀರು ಗೋಕಾಕ ಮುಟ್ಟುವಷ್ಟರಲ್ಲಿ ಹಿರಣ್ಯಕೇಶಿ ಬಂದು ಸೇರುತ್ತದೆ, ಮಾರ್ಕಂಡೇಯ ಬಂದು ಸೇರುತ್ತದೆ. ಅವೆರಡೂ ಕೂಡುವುದು ಡ್ಯಾಮಿನ ಕೆಳಗೆ. ಡ್ಯಾಮಿನಿಂದ ಕಮ್ಮಿ ಬಿಟ್ಟಿದ್ದಾರೆ ಅಂತ ಮುಧೋಳ ಕಡೆಯವರು ನಿಶ್ಚಿಂತೆಯಿಂದ ಮಲಗುವ ಹಾಗಿಲ್ಲ. ಅದೂ ಸಾಲದು ಅಂತ, ಮುಂದೆ ಘಟಪ್ರಭೆ ಕೃಷ್ಣೆಯನ್ನು ಕೂಡುವ ಚಿಕ್ಕಸಂಗಮದ ಕಡೆ ಕೃಷ್ಣೆ ತುಂಬಿ ನಿಂತಿದ್ದರೆ ಘಟಪ್ರಭೆಗೆ ಹೋಗಲು ದಾರಿ ಸಿಗುವುದಿಲ್ಲ. ನೀರು ಹಿಂದಕ್ಕೆ ಒತ್ತುತ್ತದೆ. ಹೊನ್ನಾವರದಲ್ಲಿ ಶರಾವತಿಗೆ ಮಹಾಪೂರ ಬಂದ ಹೊತ್ತಿಗೇ ಕಡಲು ಭರತದಲ್ಲಿದ್ದರೆ ಇದೇ ಆಗುತ್ತದೆ. ಅಲ್ಲಿ ಆರು ತಾಸಿಗೆ ಇಳಿತ ಶುರುವಾಗುತ್ತದೆ. ಕೃಷ್ಣೆ ಹಾಗೆ ಇಳಿದು ಕೊಡುವುದಿಲ್ಲ.

2019ರ ಆಗಸ್ಟಿನ ಒಂದು ರಾತ್ರಿ. ಘಟಪ್ರಭೆ ದಂಡೆಯ ಒಂದು ಊರಿನಿಂದ ಫೋನ್ ಬಂತು. "ಟಿವಿಯವ್ರು ಕ್ಯೂಸೆಕ್ ಹೇಳಾಕತ್ತಾರ್ರಿ. ನಾವ್ ಮನಿ ಬಿಡೂದೋ ಬ್ಯಾಡೋ, ಅಷ್ಟ ಹೇಳ್ರಿ." ನನಗೆ ಹೇಳಲು ಬರಲಿಲ್ಲ. ಆ ಮನೆ ಎಷ್ಟು ಎತ್ತರದಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಮನೆ ಬಿಟ್ಟುಬಿಡಿ ಅಂದೆ. ಹೊರಟರು, ಜೀವ ಉಳಿಯಿತು. ಎರಡು ಎಮ್ಮೆ ಹೋದವು. ಆಲಮಟ್ಟಿ ತುಂಬಿದರೆ ನೀರು ಸಮುದ್ರಮಟ್ಟದಿಂದ 519.60 ಮೀಟರ್ ಅಂತ ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ತಮ್ಮ ಮನೆಯ ಹೊಸ್ತಿಲು ಎಷ್ಟು ಎತ್ತರದಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ.

ಆ ಊರಿಗೆ ಮುಂದಿನ ಬೇಸಿಗೆಯಲ್ಲಿ ಹೋದೆವು. ದೊಡ್ಡ ಯಂತ್ರ ಏನೂ ಒಯ್ಯಲಿಲ್ಲ. ಗೌಂಡಿಗಳು ಮಟ್ಟ ನೋಡಲು ನೀರು ತುಂಬಿದ ಪ್ಲಾಸ್ಟಿಕ್ ಪೈಪು ಇಟ್ಟುಕೊಂಡಿರುತ್ತಾರಲ್ಲ, ಅದನ್ನೇ ತರಿಸಿದೆವು. ಹನಮಪ್ಪನ ಗುಡಿಯ ಗೋಡೆ ಮೇಲೆ 2019ರ ನೀರಿನ ಗೆರೆ ಇನ್ನೂ ಇತ್ತು. ಪೈಪಿನ ಒಂದು ತುದಿಯನ್ನು ಆ ಗೆರೆಗೆ ಹಿಡಿದು, ಇನ್ನೊಂದು ತುದಿಯನ್ನು ಓಣಿಗುಂಟ ಒಯ್ದೆವು. ಪೈಪು ಮುಗಿದಲ್ಲಿ ಗೋಡೆಗೆ ಸುಣ್ಣದ ಗುರುತು ಹಾಕಿ, ಮತ್ತೆ ಅಲ್ಲಿಂದ ಮುಂದೆ. ಹೀಗೆ ಮನೆ ಮನೆಯ ಹೊಸ್ತಿಲಿಗೂ ಲೆಕ್ಕ ಬಂತು. ಇವರ ಹೊಸ್ತಿಲು ಗೆರೆಗಿಂತ ಎರಡು ಅಡಿ ಕೆಳಗೆ, ಅವರದು ಅರ್ಧ ಅಡಿ ಮೇಲೆ.

ಮೂರನೆಯ ಓಣಿಯಲ್ಲಿ ಕಟ್ಟೆ ಮೇಲೆ ಕೂತಿದ್ದ ಒಬ್ಬ ಅಜ್ಜಿ ನಮ್ಮನ್ನು ತಡೆದರು. "ಮನಿ ಹೊಸ್ತಿಲ ಯಾಕ ಅಳಿತೀರೊ ತಮ್ಮಾ? ಮೊದಲ ದಾರಿ ಅಳೀರಿ. ನೀರು ಹೊಳಿ ಕಡಿಂದ ಬರಂಗಿಲ್ಲ, ಹಳ್ಳದಾಗ ಹೊಳ್ಳಿ ಬರತೈತಿ."

ಅವರು ಹೇಳಿದ್ದು ಪೂರಾ ಸರಿ. ನದಿ ತನ್ನ ದಂಡೆಯೊಳಗೆ ಇರುವ ತನಕ ನೀರು ಬೇಗ ಬೇಗ ಏರುತ್ತದೆ. ದಂಡೆ ದಾಟಿತು ಅಂದರೆ ಹೊಲಕ್ಕೆ ಹರಡುತ್ತದೆ, ಏರುವುದು ನಿಧಾನವಾಗುತ್ತದೆ. ಜನ ಇಲ್ಲೇ ಮೋಸ ಹೋಗುತ್ತಾರೆ. "ಏರೂದ ನಿಂತೈತಿ" ಅಂತ ಮನೆಯಲ್ಲೇ ಉಳಿಯುತ್ತಾರೆ. ಅಷ್ಟೊತ್ತಿಗೆ ಹಳ್ಳದ ಸಣ್ಣ ಸೇತುವೆ ಮುಳುಗಿ, ಊರು ನಡುಗಡ್ಡೆ ಆಗಿರುತ್ತದೆ. ಮನೆ ಒಣಗಿದೆ, ಹೊರಗೆ ಹೋಗುವ ದಾರಿ ಇಲ್ಲ. ಆ ಊರಲ್ಲಿ ಸೇತುವೆಯ ಮಟ್ಟ ಎಲ್ಲಕ್ಕಿಂತ ತಗ್ಗಿನ ಮನೆಯ ಹೊಸ್ತಿಲಿಗಿಂತಲೂ ನಾಲ್ಕು ಅಡಿ ಕೆಳಗಿತ್ತು. ಹಾಗಾಗಿ ಊರು ಬಿಡುವ ಹೊತ್ತನ್ನು ಆ ಸೇತುವೆಯಿಂದ ಲೆಕ್ಕ ಹಾಕಬೇಕು, ಮನೆಯಿಂದ ಅಲ್ಲ. ಈಗ ಹೊಳೆ ಬದಿಯ ಒಂದು ಕಲ್ಲುಕಂಬದ ಮೇಲೆ ಎರಡು ಪಟ್ಟೆ ಬಳಿದಿದ್ದೇವೆ. ಹಳದಿಗೆ ನೀರು ಬಂದರೆ ದನ, ಕಾಳಿನ ಚೀಲ, ಕಾಗದಪತ್ರ ಮೇಲಿನ ಊರಿಗೆ. ಕೆಂಪಿಗೆ ಬಂದರೆ ಜನ. ದನ ಮೊದಲು ಯಾಕೆ ಅಂದರೆ, ಎಮ್ಮೆ ಬಿಟ್ಟು ರೈತ ಏಳುವುದಿಲ್ಲ. ಇದು ತಿಳಿಯದೆ ಮಾಡಿದ ಯಾವ ಯೋಜನೆಯೂ ನಮ್ಮ ಕಡೆ ನಡೆಯುವುದಿಲ್ಲ.

ಅದೇ ಊರಲ್ಲಿ ಒಬ್ಬ ಹಿರಿಯರಿದ್ದಾರೆ. ಅವರು ಒಂದು ದಿನವೂ ಕ್ಯೂಸೆಕ್ ಕೇಳಿದವರಲ್ಲ. ಗೋಕಾಕದಲ್ಲಿರುವ ಮಗಳಿಗೆ ಫೋನ್ ಹಚ್ಚಿ, "ಲೋಳಸೂರ ಪೂಲ ಮುಳಗೇತೇನವಾ?" ಅಂತ ಕೇಳುತ್ತಾರೆ. ಅದು ಗೋಕಾಕದ ಹತ್ತಿರದ ಘಟಪ್ರಭೆಯ ಸೇತುವೆ. ಮುಳುಗಿದೆ ಅಂದರೆ ನೀರು ತಮ್ಮ ಊರಿಗೆ ಬರಲು ಎಷ್ಟು ತಾಸು ಅಂತ ಅವರಿಗೆ ರೂಢಿಯಿಂದ ಗೊತ್ತು. ನಾವು ಗಣಿತದಿಂದ ಹಾಕಿದ ಲೆಕ್ಕವೂ ಅವರ ಲೆಕ್ಕಕ್ಕೆ ಹತ್ತಿರ ಹತ್ತಿರವೇ ಬಂತು. ಮೇಲಿನ ಊರಿನ ಎತ್ತರ, ನಡುವಿನ ಹೊತ್ತು, ನಮ್ಮ ಊರಿನ ಎತ್ತರ. ಬೇಕಾದದ್ದು ಇಷ್ಟು.

ಒಂದು ಎಚ್ಚರಿಕೆ ಹೇಳಲೇಬೇಕು. ಪಟ್ಟೆ ಅಂದಾಜಿನದು. 2019ರ ಗೆರೆಯೇ ಕೊನೆಯ ಗೆರೆ ಅಂತ ತಿಳಿಯಬೇಡಿ, ಅದಕ್ಕಿಂತ ಮೇಲೆ ಬರಬಾರದು ಅಂತ ನದಿಗೆ ನಿಯಮ ಇಲ್ಲ. ಹೂಳು ತುಂಬಿದರೆ, ಕೆಳಗೆ ಎಲ್ಲೋ ಹೊಸ ಒಡ್ಡು ಬಿದ್ದರೆ, ಅದೇ ನೀರು ಜಾಸ್ತಿ ಎತ್ತರಕ್ಕೆ ಬರುತ್ತದೆ. ತಹಶೀಲ್ದಾರರು ಊರು ಬಿಡಿ ಅಂದರೆ ಪಟ್ಟೆ ನೋಡುತ್ತ ಕೂರಬೇಡಿ, ಹೊರಡಿ.

ಆ ಊರಿನ ಹಳ್ಳದ ಸೇತುವೆಯನ್ನು ಈ ಬೇಸಿಗೆಯಲ್ಲಿ ಎತ್ತರಿಸಿದ್ದಾರೆ. ಒಳ್ಳೆಯದೇ ಆಯಿತು, ಆದರೆ ಹಳೇ ಪಟ್ಟೆ ಇನ್ನು ನಡೆಯುವುದಿಲ್ಲ. ಬರುವ ವಾರ ಪೈಪು, ಸುಣ್ಣ, ಎರಡು ಡಬ್ಬಿ ಬಣ್ಣ ತೆಗೆದುಕೊಂಡು ಮತ್ತೆ ಹೋಗುತ್ತೇವೆ. ಈ ಸಲ ಅಜ್ಜಿಯನ್ನು ಮೊದಲೇ ಕೇಳಿ ಅಳೆಯಲು ಶುರು ಮಾಡುತ್ತೇವೆ.